ಒಂದು ಮನೆಮಾತು ಅಳಿಯುವ ಬಗೆ

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಮಾದರಿ ಕಾರ್ಡುಗಳ ಕಟ್ಟು ಬಿಚ್ಚುತ್ತಲೇ ಅಂಗಡಿಯವರು ಕೇಳುವುದು, ಯಾವ ಭಾಷೆಯಲ್ಲಿ ಅಚ್ಚಾಗಬೇಕು ಎಂದು. ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ, ಇಂಗ್ಲಿಷ್, ಯಾವುದು ಬೇಕೆಂದರೂ ಆಗುತ್ತದೆ. ಆದರೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ನೆರೆಯ ಈ ಹಳೆಯ ಪೇಟೆಯಲ್ಲಿ ಓಡಾಡುವ ಮನೆಮಾತುಗಳು ಆ ಪಟ್ಟಿಗಿಂತ ಎಷ್ಟೋ ಹೆಚ್ಚು. ಮಾರ್ವಾಡಿ ಮಾತಾಡುವ ಮನೆಯವರ ಪತ್ರಿಕೆ ಹಿಂದಿಯಲ್ಲಿ ಅಚ್ಚಾಗುತ್ತದೆ. ದಖ್ಖನಿ ಮಾತಾಡುವವರದು ಗ್ರಂಥದ ಉರ್ದುವಿನಲ್ಲಿ. ರೇಷ್ಮೆಯ ಕಸುಬಿನೊಂದಿಗೆ ಬೆಳೆದ ಪಟ್ಟೇಗಾರರ ಮನೆಯಲ್ಲಿ ಆಡುವ ಮಾತೇ ಬೇರೆ, ಪತ್ರಿಕೆ ಮಾತ್ರ ಕನ್ನಡದ್ದು. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡುವ ಮಾತು ಆ ಮನೆಯ ಮದುವೆಯ ಕಾಗದದ ಮೇಲೆ ಒಂದು ಸಾಲೂ ಇರುವುದಿಲ್ಲ.

ಭಾಷೆಗಳ ಅಳಿವಿನ ವಿಚಾರಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಈ ಬೀದಿಯನ್ನೇ. ಬಾಯಲ್ಲಿರುವ ಭಾಷೆ ಬೇರೆ, ಕಾಗದದ ಮೇಲಿರುವ ಭಾಷೆ ಬೇರೆ ಎಂಬುದು ಇಲ್ಲಿ ಯಾರೂ ಹೇಳಿಕೊಡದೆಯೇ ಅರ್ಥವಾಗುತ್ತದೆ. ಅಚ್ಚಾಗದಿದ್ದ ಮಾತ್ರಕ್ಕೆ ಒಂದು ಭಾಷೆ ಸಾಯುವುದಿಲ್ಲ. ಮನುಷ್ಯರು ಆಡಿದ ಭಾಷೆಗಳಲ್ಲಿ ಹೆಚ್ಚಿನವು ಬರಹದ ಸಹಾಯವಿಲ್ಲದೆ ಸಾವಿರಾರು ವರ್ಷ ಬಾಳಿವೆ. ಹಾಗಿದ್ದರೆ ಸಾಯುವುದು ಯಾವಾಗ, ಯಾಕೆ? ಉತ್ತರಕ್ಕಾಗಿ ಮೊದಲು ಬಹಳ ದೂರದ ಒಂದು ದ್ವೀಪಕ್ಕೆ ಹೋಗೋಣ. ಆಮೇಲೆ ನಮ್ಮ ಕರಾವಳಿಗೆ ಬರೋಣ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಲ್ಲಿ.

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಚಿಲಿ ದೇಶಕ್ಕೆ ಸೇರಿದ ನವಾರಿನೋ ಎಂಬ ದ್ವೀಪವಿದೆ. 2022ರ ಫೆಬ್ರುವರಿ 16ರಂದು ಕ್ರಿಸ್ತೀನಾ ಕಾಲ್ದೆರೋನ್ ಎಂಬ ಅಜ್ಜಿ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಯಾಗಾನ್ ಭಾಷೆಯನ್ನು ತಾಯ ಮಡಿಲಲ್ಲಿ ಕಲಿತವರಲ್ಲಿ ಉಳಿದಿದ್ದವರು ಅವರೊಬ್ಬರೇ. ಯಾಗಾನರು ಆ ಕೊರೆಯುವ ಚಳಿಯಲ್ಲಿ, ದ್ವೀಪಗಳ ನಡುವಿನ ಕಡಲ ಹರವಿನಲ್ಲಿ, ದೋಣಿಯಲ್ಲೇ ಬೆಂಕಿ ಇಟ್ಟುಕೊಂಡು ಅಲೆಯುತ್ತ ಬಾಳಿದ ಜನ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನವರು ಅಲ್ಲಿ ನೆಲೆಯೂರಿದರು. ಅವರ ಜೊತೆಗೆ ದಡಾರದಂಥ ರೋಗಗಳು ಬಂದವು. ಸೀಲ್ ಪ್ರಾಣಿಗಳ ಬೇಟೆಗಾರರು ಬಂದು ಯಾಗಾನರ ಆಹಾರವನ್ನೇ ಬರಿದುಮಾಡಿದರು. ಸಾವಿರಗಳ ಲೆಕ್ಕದಲ್ಲಿದ್ದ ಜನ ಕೆಲವೇ ದಶಕಗಳಲ್ಲಿ ನೂರರ ಲೆಕ್ಕಕ್ಕೆ ಇಳಿದರು.

ಹೊಸಬರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ನಿಘಂಟಿನದು. ಥಾಮಸ್ ಬ್ರಿಜಸ್ ಎಂಬ ಮಿಷನರಿ ಆ ಜನರ ನಡುವೆ ಬಾಳಿ, ಸುಮಾರು 32,000 ಪದಗಳ ಯಾಗಾನ್ ನಿಘಂಟನ್ನು ಬರೆದಿಟ್ಟಿದ್ದ. ಅವನು ಸತ್ತು ಎಷ್ಟೋ ಕಾಲವಾದ ಮೇಲೆ, 1933ರಲ್ಲಿ, ಅದು ಅಚ್ಚಾಯಿತು. ಅಷ್ಟು ಸಂಪತ್ತಿದ್ದ ಭಾಷೆ ಅದು. ಪದಗಳು ಸಾಲದೆ ಭಾಷೆ ಸತ್ತಿತು ಎಂದು ಯಾರಾದರೂ ಹೇಳಿದರೆ ಈ ನಿಘಂಟನ್ನು ನೆನಪಿಸಿಕೊಳ್ಳಿ. ಎರಡನೆಯದು, ಕಾಲ್ದೆರೋನ್ ಅವರ ಕೊನೆಯ ಜೊತೆಗಾತಿಯ ಸಂಗತಿ. ಯಾಗಾನ್ ಬಲ್ಲ ಇನ್ನೊಬ್ಬ ಹೆಂಗಸು, ಅವರ ನೆಂಟರೇ ಆದ ಎಮೆಲಿಂಡಾ ಅಕುನ್ಯಾ, 2005ರಲ್ಲಿ ಹೋಗಿಬಿಟ್ಟರು. ಅಲ್ಲಿಂದ ಮುಂದೆ ಹದಿನೇಳು ವರ್ಷ ಆ ಭಾಷೆಯಲ್ಲಿ ಹುಟ್ಟಿಬೆಳೆದವರೊಬ್ಬರು ಬದುಕಿದ್ದರು, ಮಾತಿಗೆ ಮಾತು ಕೊಡುವವರು ಇರಲಿಲ್ಲ. ಪತ್ರಿಕೆಗಳು ಒಂದು ಭಾಷೆ ಸತ್ತ ದಿನವೆಂದು ಬರೆದದ್ದು 2022ರ ತಾರೀಖನ್ನು. ಆ ಭಾಷೆಯಲ್ಲಿ ಸಂಭಾಷಣೆ ನಿಂತದ್ದು ಅದಕ್ಕೂ ಬಹಳ ಮುಂಚೆ. ಮನೆಗಳಲ್ಲಿ ಮಕ್ಕಳ ಕಿವಿಗೆ ಅದು ಬೀಳುವುದು ನಿಂತದ್ದು ಅದಕ್ಕಿಂತಲೂ ಹಲವು ದಶಕ ಹಿಂದೆ.

ಭಾರತದಲ್ಲೂ ಹೀಗೇ ಆಗಿದೆ. 2010ರ ಜನವರಿ 26ರಂದು ಅಂಡಮಾನಿನಲ್ಲಿ ಬೋವಾ ಎಂಬ ಹಿರಿಯ ಹೆಂಗಸು ತೀರಿಕೊಂಡಾಗ ಬೋ ಭಾಷೆ ಬಲ್ಲವರು ಯಾರೂ ಉಳಿಯಲಿಲ್ಲ. ಅವರ ಮಾತನ್ನು ದಾಖಲಿಸಿದ ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿ, ಅಂಡಮಾನಿನ ಭಾಷೆಗಳಲ್ಲಿ ಹಕ್ಕಿಗಳಿಗಿರುವ ಹೆಸರುಗಳನ್ನೇ ಒಂದು ಪುಸ್ತಕವಾಗಿ ತಂದರು.

ಕೊನೆಯ ಮಾತುಗಾರರ ಈ ಕಥೆಗಳು ಮನಸ್ಸು ಕಲಕುತ್ತವೆ, ನಿಜ. ಆದರೆ ಅವುಗಳಲ್ಲೇ ಮುಳುಗಿದರೆ ಪಾಠ ತಪ್ಪುತ್ತದೆ ಎಂಬುದು ನನ್ನ ಅನುಭವ. ಕೊನೆಯ ಅಧ್ಯಾಯ ಮಾತ್ರ ಓದಿ ಇಡೀ ಪುಸ್ತಕ ತಿಳಿಯಿತು ಎಂದುಕೊಂಡ ಹಾಗೆ ಆಗುತ್ತದೆ. ನಾವು ನೋಡಬೇಕಾದದ್ದು ನಡುವಿನ ಪುಟಗಳನ್ನು: ಇನ್ನೂ ಆಡುವವರು ಇದ್ದಾರೆ, ಅಜ್ಜಿಯರ ಬಾಯಲ್ಲಿ ಇನ್ನೂ ಸರಾಗವಾಗಿದೆ, ಆದರೆ ತೊಟ್ಟಿಲ ಬಳಿ ಕೇಳಿಸುತ್ತಿಲ್ಲ ಎನ್ನುವ ಹಂತವನ್ನು.

ಈ ಹಂತಗಳನ್ನು ಗುರುತಿಸಲು ಯುನೆಸ್ಕೋ ಒಂದು ಅಳತೆ ಮಾಡಿದೆ. ಅದರ ತಿರುಳು ಸರಳ. ಎಷ್ಟು ಜನ ಆಡುತ್ತಾರೆ ಎಂಬುದಕ್ಕಿಂತ ಯಾವ ವಯಸ್ಸಿನವರು ಆಡುತ್ತಾರೆ ಎಂಬುದಕ್ಕೆ ಹೆಚ್ಚು ತೂಕ. ಮಕ್ಕಳು ಆಡುತ್ತಾರೆ, ಆದರೆ ಮನೆಯಂಥ ಕೆಲವೇ ಕಡೆ ಎಂದಾದರೆ ಅದು ಮೊದಲ ಎಚ್ಚರಿಕೆ. ಮಕ್ಕಳು ಮನೆಯಲ್ಲೇ ಅದನ್ನು ತಾಯ್ನುಡಿಯಾಗಿ ಕಲಿಯುತ್ತಿಲ್ಲ ಎಂದಾದರೆ ಖಚಿತ ಅಪಾಯ. ಅಜ್ಜ ಅಜ್ಜಿಯರು ಆಡುತ್ತಾರೆ, ಅಪ್ಪ ಅಮ್ಮನಿಗೆ ಅರ್ಥವಾಗುತ್ತದೆ, ಆದರೆ ಅವರು ಮಕ್ಕಳೊಡನೆ ಆಡುವುದಿಲ್ಲ ಎಂದಾದರೆ ತೀವ್ರ ಅಪಾಯ. ಅಜ್ಜಿಯರೂ ಅರೆಬರೆಯಾಗಿ, ಅಪರೂಪಕ್ಕೆ ಆಡುವಂತಾದರೆ ಕಡೆಯ ಹಂತ. 2010ರ ಯುನೆಸ್ಕೋ ಭೂಪಟದಲ್ಲಿ ತುಳು ಮೊದಲ ಎಚ್ಚರಿಕೆಯ ಹಂತದಲ್ಲಿದೆ. ಕೊಡವ ಭಾಷೆ ಖಚಿತ ಅಪಾಯದ ಹಂತದಲ್ಲಿದೆ. ನೀಲಗಿರಿಯ ತೋಡ ಮತ್ತು ಕೋತ ಭಾಷೆಗಳು ಕಡೆಯ ಹಂತದಲ್ಲಿವೆ. ಅದೇ ಭೂಪಟದಲ್ಲಿ ಖಚಿತ ಅಪಾಯದ ಗುರುತು ಹೊತ್ತ ಇನ್ನೊಂದು ಭಾಷೆಯಿದೆ. ತುಳುವಿನ ಬಗ್ಗೆ, ಕೊಡವದ ಬಗ್ಗೆ ಮಾತಾಡುವ ನಾವು ಅದರ ಹೆಸರನ್ನೇ ಎತ್ತುವುದಿಲ್ಲ. ಅದು ಕೊರಗ ಭಾಷೆ.

ಕೊರಗರು ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳ ಮೂಲನಿವಾಸಿಗಳು. ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡು, ಜೇನುಕುರುಬರು ಮತ್ತು ಕೊರಗರು. ಎರಡು ರಾಜ್ಯಗಳನ್ನು ಸೇರಿಸಿದರೂ 2011ರ ಜನಗಣತಿಯಲ್ಲಿ ಕೊರಗರ ಸಂಖ್ಯೆ 16 ಸಾವಿರದ ಆಸುಪಾಸು. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು, ಕೊಳಲು ನುಡಿಸುವುದು ಅವರ ಕೈಯ ವಿದ್ಯೆಗಳು. ಅವರು ಹೊರಗಿನವರೊಂದಿಗೆ ತುಳುವಿನಲ್ಲಿ ಇಲ್ಲವೇ ಕನ್ನಡದಲ್ಲಿ ಮಾತಾಡುತ್ತಾರೆ, ಹಾಗಾಗಿ ಅವರಿಗೆ ತಮ್ಮದೇ ಒಂದು ಭಾಷೆ ಇದೆ ಎಂಬುದೇ ನೆರೆಯ ಅನೇಕರಿಗೆ ತಿಳಿದಿಲ್ಲ. ತಿಳಿದವರಲ್ಲೂ ಕೆಲವರು ಅದನ್ನು ತುಳುವಿನ ಒಡೆದ ರೂಪವೆಂದು ಭಾವಿಸಿದ್ದಾರೆ.

ಅದು ತಪ್ಪೆಂದು ತೋರಿಸಿದವರು ದಕ್ಷಿಣ ಕನ್ನಡದವರೇ ಆದ ಡಿ. ಎನ್. ಶಂಕರ ಭಟ್ಟರು. ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕೆಂದು ವಾದಿಸಿದ ಪುಸ್ತಕಗಳಿಂದ ಕನ್ನಡ ಓದುಗರಿಗೆ ಅವರು ಪರಿಚಿತರು, 2023ರಲ್ಲಿ ತೀರಿಕೊಂಡರು. ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿ ಪ್ರಕಟಿಸಿದ ಅವರ ಕೊರಗ ಭಾಷೆಯ ಅಧ್ಯಯನ ಈ ಕ್ಷೇತ್ರದ ಮುಖ್ಯ ಆಧಾರ. ಕೊರಗ ಒಂದು ಸ್ವತಂತ್ರ ದ್ರಾವಿಡ ಭಾಷೆ, ಅದಕ್ಕೆ ತನ್ನದೇ ಧ್ವನಿವ್ಯವಸ್ಥೆ, ತನ್ನದೇ ಕ್ರಿಯಾರೂಪಗಳು ಇವೆ ಎಂದು ಅದರಿಂದ ತಿಳಿಯಿತು. ಒಂಟಿ, ತಪ್ಪು, ಮುದು ಎಂಬ ಒಳನುಡಿಗಳನ್ನು ಭಟ್ಟರು ಗುರುತಿಸಿದರು. ಉಡುಪಿಯ ಸುತ್ತ ಆಡುವ ಬಗೆಯಲ್ಲಿ ತುಳುವಿನ ಪ್ರಭಾವ ಕಂಡರೆ ಕುಂದಾಪುರದ ಕಡೆಯದರಲ್ಲಿ ಕನ್ನಡದ್ದು ಕಾಣುತ್ತದೆ. ಇನ್ನೊಂದು ಸಂಗತಿ ಪಂಡಿತರನ್ನು ಇಂದಿಗೂ ಕಾಡುತ್ತದೆ. ಕೊರಗದ ಕೆಲವು ಲಕ್ಷಣಗಳು ಪಕ್ಕದ ತುಳುವಿಗಿಂತ ಬಹುದೂರದ ಉತ್ತರ ದ್ರಾವಿಡ ಭಾಷೆಗಳನ್ನು, ಅಂದರೆ ಜಾರ್ಖಂಡದ ಕಡೆಯ ಕುಡುಖ್‌ನಂಥವನ್ನು, ನೆನಪಿಸುತ್ತವೆ. ಕೊರಗವನ್ನು ದ್ರಾವಿಡ ಭಾಷಾಕುಟುಂಬದ ಯಾವ ಕೊಂಬೆಗೆ ಸೇರಿಸಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕನ್ನಡವನ್ನೂ ಒಳಗೊಂಡ ಕುಟುಂಬದ ಹಳೆಯ ಚರಿತ್ರೆಯ ಒಂದು ತುಣುಕು ಹೀಗೆ ಕರಾವಳಿಯ ಕೊರಗರ ಕಾಲೊನಿಗಳಲ್ಲಿ ಕೆಲವು ಹಿರಿಯರ ನಾಲಗೆಯ ಮೇಲಿದೆ.

ಇಂಥ ಅಧ್ಯಯನ ಹೇಗೆ ನಡೆಯುತ್ತದೆ ಎಂದು ಹೊಸಬರು ಕೇಳುತ್ತಾರೆ. ಮೊದಲು ಪದಪಟ್ಟಿ: ಕಣ್ಣು, ಕೈ, ನೀರು, ಬೆಂಕಿ, ತಾಯಿ, ಒಂದು, ಎರಡು ಹೀಗೆ. ಎಲ್ಲ ಭಾಷೆಗಳಲ್ಲೂ ಇರುವ, ಬೇರೆ ಭಾಷೆಯಿಂದ ಸುಲಭವಾಗಿ ಸಾಲ ತರದ ಪದಗಳನ್ನು ಆರಿಸುತ್ತಾರೆ. ನಂತರ ಸಣ್ಣ ವಾಕ್ಯಗಳು. ನಾನು ಬಂದೆ, ನೀನು ಬಂದೆ, ಅವಳು ಬರಲಿಲ್ಲ ಎಂದು ಒಂದೊಂದನ್ನೇ ಬದಲಿಸಿ ಕೇಳಿದಾಗ ವ್ಯಾಕರಣದ ಕೀಲುಗಳು ಕಾಣತೊಡಗುತ್ತವೆ. ಆಮೇಲೆ ಬರುವುದೇ ನಿಜವಾದ ಭಾಷೆ: ಕಥೆ, ಜಗಳ, ಹರಟೆ, ಮಗುವನ್ನು ಮಲಗಿಸುವ ಹಾಡು. ಕೇಳಿ ಕೊಟ್ಟ ಉತ್ತರಗಳಲ್ಲಿ ಸಿಗದ ರೂಪಗಳು ಹರಟೆಯಲ್ಲಿ ತಾವಾಗಿ ಬರುತ್ತವೆ. ಇಷ್ಟೂ ಆಗಬೇಕಾದರೆ ಎದುರು ಕೂತವರಿಗೆ ನಮ್ಮ ಮೇಲೆ ವಿಶ್ವಾಸ ಬರಬೇಕು. ಕೊರಗರ ವಿಷಯದಲ್ಲಿ ಆ ವಿಶ್ವಾಸ ಸುಲಭಕ್ಕೆ ಬರುವಂಥದ್ದಲ್ಲ. ಅದಕ್ಕೆ ತಕ್ಕ ಕಾರಣವೂ ಇದೆ.

ಅಜಲು ಎಂಬ ಪದ್ಧತಿಯ ಬಗ್ಗೆ ಕರಾವಳಿಯ ಹೊರಗಿನವರು ಅಷ್ಟಾಗಿ ಕೇಳಿರಲಾರರು. ರೋಗಿಯ ರೋಗ, ಮನೆಯ ಕೆಡುಕು ವರ್ಗವಾಗಿ ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವುದು. ಬಾ ಎಂದಾಗ ಬಂದು ಡೋಲು ಬಾರಿಸಲೇಬೇಕೆಂಬ ಕಟ್ಟು. ಇವನ್ನೆಲ್ಲ ಸಂಪ್ರದಾಯವೆಂದು ನಡೆಸಿಕೊಂಡು ಬಂದರು. ಕೊರಗರಲ್ಲಿ ಒಂದು ಪಂಗಡದವರು ನೆಲದ ಮೇಲೆ ಉಗುಳಬಾರದೆಂದು ಕುತ್ತಿಗೆಗೆ ಪಾತ್ರೆ ಕಟ್ಟಿಕೊಂಡು ಓಡಾಡಬೇಕಿತ್ತು ಎಂದು 19ನೇ ಶತಮಾನದ ಬರಹಗಳು ಹೇಳುತ್ತವೆ. ಕರ್ನಾಟಕ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ತಂದದ್ದು 2000ದಲ್ಲಿ. ಇನ್ನೊಮ್ಮೆ ಆ ಇಸವಿ ನೋಡಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ತಲೆಯೆತ್ತಿದ ಮೇಲೆ ಬಂದ ಕಾನೂನು ಅದು.

ಈಗ ಭಾಷೆಗೆ ಮರಳೋಣ. ಒಂದು ಭಾಷೆಯನ್ನು ಆಡಿದ ಕೂಡಲೇ ಇವನು ಇಂಥವನು ಎಂದು ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ದೂರ ನಿಲ್ಲು ಎನ್ನುತ್ತಾರೆ ಎಂದಾದರೆ, ತಾಯಿಯೊಬ್ಬಳು ಏನು ಮಾಡುತ್ತಾಳೆ? ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಗೇಟಿನ ಬಳಿ ಆ ಮಾತನ್ನು ನುಂಗಿಕೊಳ್ಳುತ್ತಾಳೆ. ಮಗುವಿಗೂ ಮೆಲ್ಲಗೆ ಹೇಳಿಕೊಡುತ್ತಾಳೆ, ಹೊರಗೆ ಅದು ಬೇಡ ಎಂದು. ಕೆಲವು ವರ್ಷಗಳಾದ ಮೇಲೆ ಒಳಗೂ ಬೇಡವಾಗುತ್ತದೆ. ಅಜ್ಜಿ ಕೊರಗದಲ್ಲಿ ಕೇಳುತ್ತಾಳೆ, ಮೊಮ್ಮಗ ತುಳುವಿನಲ್ಲಿ ಉತ್ತರಿಸುತ್ತಾನೆ. ಅವನಿಗೆ ಮಕ್ಕಳಾಗುವ ಹೊತ್ತಿಗೆ ಕೇಳುವ ಅಜ್ಜಿಯೂ ಇರುವುದಿಲ್ಲ. ಮೂರು ತಲೆಮಾರು ಸಾಕು. ಆ ತಾಯಿಯನ್ನು ದೂಷಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳು ತನ್ನ ಭಾಷೆಯನ್ನು ಕೈಬಿಟ್ಟದ್ದು ಮಗುವನ್ನು ಅವಮಾನದಿಂದ ಉಳಿಸಲು. ಅವಮಾನ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಭಾಷಾಶಾಸ್ತ್ರದ ತರಗತಿಯಲ್ಲಿ ಕೇಳದೆ ಇನ್ನೆಲ್ಲಿ ಕೇಳಬೇಕು?

ಶಾಲೆಯ ಪಾತ್ರವೂ ಇದೆ. ಕೊರಗ ಮಕ್ಕಳಿಗಾಗಿ ಕರಾವಳಿಯಲ್ಲಿ ಆಶ್ರಮಶಾಲೆಗಳು ನಡೆದಿವೆ, ಅವುಗಳಿಂದ ಓದಿ ಮುಂದೆ ಬಂದವರಿದ್ದಾರೆ. ಅವುಗಳ ಮಹತ್ವವನ್ನು ಕಡಿಮೆ ಮಾಡಿ ಹೇಳಲಾರೆ. ಊಟ, ವಸತಿ, ಅಕ್ಷರ ಮೂರೂ ಬೇಕಾಗಿದ್ದವು. ಆದರೆ ಮಾತು ಕಲಿಯುವ ವಯಸ್ಸಿನ ಮಗು ಅಜ್ಜಿಯಿಂದ ದೂರ, ಹಾಸ್ಟೆಲಿನಲ್ಲಿ, ಕನ್ನಡದ ಪಾಠ ಮತ್ತು ತುಳುವಿನ ಆಟದ ನಡುವೆ ಬೆಳೆದಾಗ ಮೂರನೆಯ ಭಾಷೆಗೆ ಜಾಗ ಎಲ್ಲಿ? ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡುವಂತೆ ಹೇಳುತ್ತದೆ. ಪೂರ್ತಿ ಪಠ್ಯಕ್ರಮ ಬೇಡ. ಮಗುವಿನ ಮನೆಯ ಒಬ್ಬ ಅಜ್ಜಿಯನ್ನು ವಾರಕ್ಕೊಮ್ಮೆ ಶಾಲೆಗೆ ಕರೆದು ಕಥೆ ಹೇಳಿಸಿದರೂ ಅದೊಂದು ಆರಂಭವಾಗುತ್ತಿತ್ತು. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ಶುರುಮಾಡಿದ ಶಿಶುಶಾಲೆಗಳ ತಳಹದಿ ಇದೇ: ಭಾಷೆ ಬಲ್ಲ ಹಿರಿಯರನ್ನು ಪುಟ್ಟ ಮಕ್ಕಳ ಬಳಿ ಕೂರಿಸುವುದು. ನಡುವಿನ ತಲೆಮಾರಿಗೆ ಬಾರದಿದ್ದ ಭಾಷೆ ಅಜ್ಜಿಯರಿಂದ ನೇರವಾಗಿ ಮೊಮ್ಮಕ್ಕಳಿಗೆ ದಾಟಿತು.

ಜನಗಣತಿಯ ವಿಷಯವನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. 2011ರಲ್ಲಿ ದೇಶದ ಜನ ತಮ್ಮ ತಾಯ್ನುಡಿಯೆಂದು ಹೇಳಿ ಬರೆಸಿದ ಹೆಸರುಗಳು 19,569. ಅವನ್ನು ಸೋಸಿ, ಒಟ್ಟುಗೂಡಿಸಿ, ಕೊನೆಗೆ ಪ್ರಕಟಿಸಿದ್ದು 121 ಭಾಷೆಗಳ ಪಟ್ಟಿ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಹೆಸರಿಸಿ ಲೆಕ್ಕ ಕೊಡದಿರುವ ರೂಢಿ 1971ರ ಗಣತಿಯಿಂದ ಬಂದದ್ದು. 2011ರ ಪಟ್ಟಿಯಲ್ಲಿ ತುಳುವಿಗೆ 18 ಲಕ್ಷಕ್ಕೂ ಹೆಚ್ಚು, ಕೊಡವಕ್ಕೆ 1,13,857 ಜನ ಇದ್ದಾರೆ. ಕೊರಗದ ಹೆಸರೇ ಇಲ್ಲ. ಕುತೂಹಲದ ಇನ್ನೊಂದು ಸಂಗತಿ ಹೇಳಬೇಕು. ಕನ್ನಡದ ಹೆಸರಿನಡಿ ಕೊಟ್ಟ 4.37 ಕೋಟಿಯ ಲೆಕ್ಕದೊಳಗೆ ನೀಲಗಿರಿಯ ಬಡಗ ಮತ್ತು ಕುರುಬ ನುಡಿಗಳನ್ನೂ ಸೇರಿಸಲಾಗಿದೆ. ಬಡಗ ಬೇರೆ ಭಾಷೆಯೋ ಕನ್ನಡದ ಒಂದು ಬಗೆಯೋ ಎಂಬ ಚರ್ಚೆ ಹಳೆಯದು. ಲೆಕ್ಕದ ಹಾಳೆಯಲ್ಲಿ ಮಾತ್ರ ಆ ಚರ್ಚೆ ಮುಗಿದುಹೋಗಿದೆ. ಗಣೇಶ ದೇವಿ ಅವರ ಮುಂದಾಳತ್ವದಲ್ಲಿ 2010ರಲ್ಲಿ ಶುರುವಾದ ಭಾರತೀಯ ಜನಭಾಷಾ ಸಮೀಕ್ಷೆ ಹತ್ತು ಸಾವಿರದ ಗೆರೆಯನ್ನು ಬದಿಗಿಟ್ಟು ಎಣಿಸಿದಾಗ ಸಿಕ್ಕಿದ್ದು 780 ಭಾಷೆಗಳು. 121 ಮತ್ತು 780ರ ನಡುವೆ ಇರುವ ಭಾಷೆಗಳಿಗೆ ಪಠ್ಯಪುಸ್ತಕ, ಅನುದಾನ, ಪ್ರಶಸ್ತಿ ಯಾವುದೂ ತಾನಾಗಿ ಬರುವುದಿಲ್ಲ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ 2013ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರ ಭಾಷೆಗಳನ್ನು ದಾಖಲಿಸುವ ಯೋಜನೆಯನ್ನು ಕೈಗೆತ್ತಿಕೊಂಡದ್ದು ಈ ಕೊರತೆಯನ್ನು ಅರಿತೇ.

ಭಾಷೆಗಳಿಗೆ ಅಕಾಡೆಮಿ ಕೊಡುವುದರಲ್ಲಿ ಕರ್ನಾಟಕ ಜಿಪುಣತನ ತೋರಿಸಿಲ್ಲ. ತುಳು, ಕೊಂಕಣಿ, ಕೊಡವಕ್ಕೆ 1994ರಲ್ಲಿ, ಬ್ಯಾರಿಗೆ 2009ರಲ್ಲಿ, ಅರೆಭಾಷೆಗೆ 2011ರಲ್ಲಿ ಅಕಾಡೆಮಿಗಳು ಬಂದವು. ಇವೆಲ್ಲದರ ಹಿಂದೆ ಓದು ಬರಹ ಬಲ್ಲ, ವೇದಿಕೆ ಕಟ್ಟಬಲ್ಲ, ಮಂತ್ರಿಗಳ ಬಾಗಿಲಿಗೆ ಹೋಗಬಲ್ಲ ಜನರಿದ್ದರು. ಕೊರಗಕ್ಕೆ ಅಕಾಡೆಮಿ ಇಲ್ಲ. ಕೊರಗರ ಸಂಘಟನೆಗಳು ದಶಕಗಳಿಂದ ಕೇಳುತ್ತಿರುವುದು ಮೊದಲಿಗೆ ಭೂಮಿಯನ್ನು. ಅವರ ಸ್ಥಿತಿ ಅಧ್ಯಯನ ಮಾಡಿದ ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಶಿಫಾರಸು ಮಾಡಿತು. ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಆಚರಿಸುತ್ತಾರೆ. ಭಾಷೆಯ ಪಾಠದಲ್ಲಿ ಭೂಮಿಯ ಮಾತೇಕೆ ಎಂದು ಕೇಳಬೇಡಿ. ಬುಟ್ಟಿ ಹೆಣೆಯುವ ಬಳ್ಳಿಗಳ ಹೆಸರು, ಅವನ್ನು ಕೊಯ್ಯುವ ಕಾಲ, ಸಿಗಿಯುವ ರೀತಿ, ಹೆಣಿಗೆಯ ಒಂದೊಂದು ಹಂತ, ಇದೆಲ್ಲ ಮಾತಾಗಿ ಉಳಿಯುವುದು ಕೈ ಕೆಲಸ ಮಾಡುತ್ತಿದ್ದಾಗ. ಕಾಡಿಗೆ ಹೋಗುವ ದಾರಿ ಮುಚ್ಚಿ, ಪ್ಲಾಸ್ಟಿಕ್ ಬುಟ್ಟಿ ಮಾರುಕಟ್ಟೆ ಹಿಡಿದ ಮೇಲೆ ಆ ಮಾತುಗಳನ್ನು ಯಾರು ಯಾರಿಗೆ ಹೇಳಬೇಕು? ಒಟ್ಟಿಗೆ ಇರಲು, ಒಟ್ಟಿಗೆ ದುಡಿಯಲು ನೆಲವಿಲ್ಲದ ಜನ ತಮ್ಮೊಳಗಿನ ಮಾತನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಇಲ್ಲಿ ಕೊರಗಜ್ಜನ ನೆನಪಾಗುತ್ತದೆ. ತುಳುನಾಡಿನಲ್ಲಿ ಈಗ ಕೊರಗಜ್ಜನನ್ನು ನಂಬದ ಜಾತಿಯೇ ಇಲ್ಲ ಎನ್ನಬಹುದು. ಕಳೆದುಹೋದ ವಸ್ತು ಸಿಗಲೆಂದು ಹರಕೆ ಹೇಳಿ ಚಕ್ಕುಲಿ, ವೀಳ್ಯ ಒಪ್ಪಿಸುತ್ತಾರೆ. ಕರಾವಳಿಯಿಂದ ಬೆಂಗಳೂರಿಗೆ ಬಂದವರು ಆ ನಂಬಿಕೆಯನ್ನು ಇಲ್ಲಿಗೂ ತಂದಿದ್ದಾರೆ. ಕಾರಿನ ಹಿಂದಿನ ಗಾಜಿನ ಮೇಲೆ ಹೆಸರು ಕಾಣುತ್ತದೆ. ಈ ದೈವ ಕೊರಗ ತನಿಯ ಎಂಬ ಕೊರಗ ಸಮುದಾಯದ ಹುಡುಗ. ಅವನ ಕಥೆ ಹೇಳುವ ಪಾಡ್ದನ ಇರುವುದು ತುಳುವಿನಲ್ಲಿ, ಕೋಲದಲ್ಲಿ ಕೇಳುವ ನುಡಿಯೂ ತುಳುವೇ. ತನಿಯನ ಜನರ ಮನೆಯ ಮಾತು ಯಾವುದೆಂದು ಭಕ್ತರಲ್ಲಿ ಎಷ್ಟು ಜನ ಕೇಳಿಕೊಂಡಿದ್ದಾರೆ? ಇದನ್ನು ಚುಚ್ಚಲೆಂದು ಹೇಳುತ್ತಿಲ್ಲ. ಅಷ್ಟು ಗಾಢವಾದ ಭಕ್ತಿ ಇರುವ ಕಡೆ ಆ ಜನರ ಬಗ್ಗೆ, ಅವರ ನುಡಿಯ ಬಗ್ಗೆ ಆಸಕ್ತಿ ಹುಟ್ಟುವುದಕ್ಕೆ ಜಾಗವಿದೆ ಎಂದು ನಿಜವಾಗಿ ನಂಬಿ ಹೇಳುತ್ತಿದ್ದೇನೆ.

ಎಲ್ಲ ಮನೆಮಾತುಗಳೂ ಅವಮಾನದಿಂದಲೇ ಹೋಗುತ್ತವೆ ಎಂದಲ್ಲ. ಬಸವನಗುಡಿ, ಮಲ್ಲೇಶ್ವರದ ಕೆಲವು ಹಳೆಯ ಮನೆಗಳಲ್ಲಿ ಸಂಕೇತಿ ಮಾತು ಕೇಳುತ್ತದೆ. ಶತಮಾನಗಳ ಹಿಂದೆ ಸೆಂಗೋಟೆಯ ಕಡೆಯಿಂದ ಬಂದವರ ನುಡಿ ಅದು, ತಮಿಳಿನ ನೆಂಟ, ಕನ್ನಡದ ಸಹವಾಸದಲ್ಲಿ ಬೆಳೆದದ್ದು. ಶಿವಮೊಗ್ಗದ ಮತ್ತೂರಿಗೆ ಸಂಸ್ಕೃತ ಕೇಳಲೆಂದು ದೇಶದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಊರಿನ ಮನೆಗಳ ಅಡುಗೆಮನೆಯ ಮಾತು ಸಂಕೇತಿ. ಬೆಂಗಳೂರಿನ ಮೊಮ್ಮಕ್ಕಳು ಅದನ್ನು ಬಿಟ್ಟರೆ ಅದಕ್ಕೆ ಓದು, ಉದ್ಯೋಗ, ಬೇರೆ ಭಾಷೆಯವರೊಂದಿಗೆ ಮದುವೆ ಕಾರಣ. ಅದೂ ನಷ್ಟವೇ. ಆದರೆ ಆಯ್ಕೆ ಮಾಡಿಕೊಂಡು ಬಿಟ್ಟದ್ದಕ್ಕೂ ಬೇರೆ ದಾರಿ ಇಲ್ಲದೆ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸವನ್ನು ಕಾಣದಿದ್ದರೆ, ಭಾಷೆಗಳ ಅಳಿವು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕುತ್ತೇವೆ.

ನಾನು ಈ ಪಾಠದಲ್ಲಿ ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದಕ್ಕೆ ಹೊಂದಿಕೊಂಡೇ ಇದೆ. ಕನ್ನಡಿಗರಾದ ನಾವು ಭಾಷೆಯ ಅಳಿವು ಎಂದ ಕೂಡಲೇ ಕನ್ನಡದ ಕಡೆ ನೋಡುತ್ತೇವೆ. ಇಂಗ್ಲಿಷಿನ ಶಾಲೆಗಳು, ಹಿಂದಿಯ ಫಲಕಗಳು, ಬೆಂಗಳೂರಿನ ಮಾಲುಗಳು ಕಣ್ಣ ಮುಂದೆ ಬರುತ್ತವೆ. ಆ ಆತಂಕ ಸುಳ್ಳಲ್ಲ. ಆದರೆ ಕೊರಗ ಮನೆಯ ಹೊಸ್ತಿಲಿನಿಂದ ನೋಡಿದರೆ ಕನ್ನಡ ಮತ್ತು ತುಳು ಅಧಿಕಾರದ ಭಾಷೆಗಳು. ಪಡಿತರ ಚೀಟಿಯದು, ಮೇಷ್ಟರದು, ಜಮೀನಿನ ಒಡೆಯರದು. ಯಾಗಾನರಿಗೆ ಸ್ಪ್ಯಾನಿಷ್ ಹೇಗೋ ಕೊರಗರಿಗೆ ನಮ್ಮ ಮಾತು ಹಾಗೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಐದು ದಶಕ ದುಡಿದು 1995ರಲ್ಲಿ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಮುಗಿಸಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು ತಂದಿತು. ಎರಡೂ ನಮ್ಮ ಕಾಲದ ದೊಡ್ಡ ಕೆಲಸಗಳು. ಅಂಥ ಕೆಲಸ ಮಾಡಿಕೊಂಡ ಎರಡು ಭಾಷೆಗಳ ನಡುವೆ ಬದುಕಿರುವ ಮೂರನೆಯದಕ್ಕೆ ಅರ್ಧ ಶತಮಾನದ ಹಿಂದಿನ ಒಂದು ವ್ಯಾಕರಣವೇ ಇಂದಿಗೂ ಮುಖ್ಯ ಆಸರೆ. ಅದೂ ಇಂಗ್ಲಿಷಿನಲ್ಲಿದೆ; ಕೊರಗ ಹುಡುಗಿಯೊಬ್ಬಳು ಕೈಗೆತ್ತಿಕೊಂಡು ತನ್ನ ಅಜ್ಜಿಯ ಮಾತನ್ನು ಓದಿಕೊಳ್ಳುವಂತಿಲ್ಲ. ಅದನ್ನು ಕನ್ನಡದಲ್ಲಿ, ಸರಳವಾಗಿ, ಕೊರಗ ಯುವಕರ ಜೊತೆ ಕೂತು ಮರಳಿ ಬರೆಯುವುದು ಕನ್ನಡ ವಿದ್ವಾಂಸರು ಮಾಡಬಹುದಾದ, ಮಾಡಬೇಕಾದ ಕೆಲಸ. ಕೊರಗ ಸಮುದಾಯದಿಂದಲೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು ಈಗ ಇದ್ದಾರೆ. ಆ ಕೆಲಸದ ಮುಂದಾಳತ್ವ ಅವರ ಕೈಯಲ್ಲಿರಬೇಕು.

ಇಷ್ಟು ಓದಿ, ನಾನೂ ಏನಾದರೂ ಮಾಡಬಹುದೇ ಎಂದು ಕೇಳುವವರಿಗೆ ಕೆಲವು ಮಾತು. ಮೊಬೈಲು ಹಿಡಿದು ನೇರವಾಗಿ ಕೊರಗರ ಕಾಲೊನಿಗೆ ಹೋಗಬೇಡಿ. ಹೊರಗಿನಿಂದ ಬಂದು ಫೋಟೊ ತೆಗೆದು, ಡೋಲು ಬಾರಿಸಿ ತೋರಿಸಿ ಎಂದು ಕೇಳಿ ಹೋದವರು ಈಗಾಗಲೇ ಸಾಕಷ್ಟು ಜನ. ಮೊದಲು ನಿಮ್ಮ ಮನೆಯಲ್ಲೇ ಕೆಲಸ ಕಲಿಯಿರಿ. ಸುಲ್ತಾನ್‌ಪೇಟೆಯ ಪಟ್ಟೇಗಾರರ ಮಗುವಾಗಿರಲಿ, ಬಸವನಗುಡಿಯ ಸಂಕೇತಿ ಮನೆಯವರಾಗಿರಲಿ, ಕುಂದಾಪುರದ ಕನ್ನಡದವರಾಗಿರಲಿ, ಮನೆಯ ಅತಿ ಹಿರಿಯರ ಬಳಿ ಕೂತು ಒಂದು ಕೆಲಸದ ಮಾತುಗಳನ್ನಷ್ಟೇ ದಾಖಲಿಸಿ: ಮಗ್ಗದ್ದೋ, ಉಪ್ಪಿನಕಾಯಿಯದ್ದೋ, ಬಾಣಂತನದ್ದೋ. ಒಪ್ಪಿಗೆ ಪಡೆದೇ ಧ್ವನಿಮುದ್ರಣ ಮಾಡಿ. ಆಡಿದವರ ಹೆಸರು, ಊರು, ತಾರೀಖನ್ನು ಅದರ ಆರಂಭದಲ್ಲೇ ಹೇಳಿಸಿ, ಯಾಕೆಂದರೆ ಕಾಗದದ ಚೀಟಿ ಕಳೆದುಹೋಗುತ್ತದೆ. ಆಮೇಲೆ ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ. ನಿಮಗೆ ತಪ್ಪೆನಿಸಿದ ರೂಪವನ್ನು ತಿದ್ದಬೇಡಿ. ಅದೇ ಹಳೆಯ ರೂಪವಾಗಿರಬಹುದು. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಆ ಮನೆಯಲ್ಲೇ ಬಿಡಿ. ಇಷ್ಟನ್ನು ಮೂರು ನಾಲ್ಕು ಹಿರಿಯರೊಂದಿಗೆ ಮಾಡಿದವರಿಗೆ ಕೈ ಕುದುರುತ್ತದೆ, ಕಿವಿ ಚುರುಕಾಗುತ್ತದೆ. ಆಗ ಕರಾವಳಿಗೆ ಹೋಗುವ ಮನಸ್ಸಿದ್ದರೆ ಕೊರಗ ಅಭಿವೃದ್ಧಿ ಸಂಘಗಳ ಒಕ್ಕೂಟದವರನ್ನು ಮೊದಲು ಕಾಣಿ. ನಿಮಗೆ ಬೇಕಾದದ್ದನ್ನು ಹೇಳುವ ಮುಂಚೆ ಅವರಿಗೆ ಏನು ಬೇಕಾಗಿದೆ ಎಂದು ಕೇಳಿ. ಮಕ್ಕಳಿಗೊಂದು ಕಥೆಪುಸ್ತಕ ಬೇಕು ಎಂದಾರು, ಜಮೀನಿನ ಅರ್ಜಿ ಬರೆದುಕೊಡಿ ಎಂದಾರು. ಎರಡನೆಯದನ್ನು ಕೇಳಿದರೆ, ಪದಪಟ್ಟಿಯನ್ನು ಚೀಲದಲ್ಲೇ ಇಟ್ಟುಕೊಂಡು ಮೊದಲು ಆ ಅರ್ಜಿಯನ್ನು ಬರೆದುಕೊಡಿ.